ಬೀರುವಿನಲ್ಲಿದ್ದ 20 ಲಕ್ಷ ದಿನಾರ್

2004ರ ನವೆಂಬರಿನಲ್ಲಿ ಕುವೈತ್ ಸಿಟಿಯ ಒಂದು ಎಕ್ಸ್‌ಚೇಂಜ್ ಅಂಗಡಿಯಲ್ಲಿ 235 ಕುವೈತಿ ದಿನಾರ್ ಕೊಟ್ಟು 10 ಲಕ್ಷ ಇರಾಕಿ ದಿನಾರ್ ಕೊಂಡೆ. ಆಗ ನನ್ನ ಸಂಬಳ ತಿಂಗಳಿಗೆ 180. ಎಣಿಸಿದರೆ 40 ನೋಟು, ಎಲ್ಲವೂ 25,000ದ್ದು, ಗರಿಗರಿ. ಒಂದು ಕಡೆ ಗೋಧಿಯ ಕಟ್ಟು ಹಿಡಿದ ಕುರ್ದಿಶ್ ರೈತ ಹೆಂಗಸು, ಅವಳ ಹಿಂದೆ ಟ್ರ್ಯಾಕ್ಟರ್. ಇನ್ನೊಂದು ಕಡೆ ಹಳೆಯ ಕಾಲದ ಬ್ಯಾಬಿಲೋನಿನ ರಾಜ ಹಮ್ಮುರಾಬಿ. ಸದ್ದಾಂ ಮುಖ ಎಲ್ಲೂ ಇಲ್ಲ. ರೂಮಿಗೆ ಬಂದು ಮಂಚದ ಮೇಲೆ ಹರಡಿ ನೋಡಿದೆ. ಬದುಕಿನಲ್ಲಿ ಮೊದಲ ಸಲ ಲಕ್ಷಾಧಿಪತಿ ಆಗಿದ್ದೆ ಅಲ್ವಾ, ಖುಷಿಯಾಗದೆ ಇರುತ್ತದಾ!

ಯಾಕೆ ಕೊಂಡೆ ಅಂದರೆ ಮಾವನ ಕಥೆ ಹೇಳಬೇಕು. 1990ರ ಆಗಸ್ಟ್ 2ಕ್ಕೆ ಇರಾಕಿ ಸೇನೆ ಕುವೈತಿಗೆ ನುಗ್ಗಿದಾಗ ಮಾವ ಅಲ್ಲೇ ಇದ್ದರು. ಬಸ್ರಾ, ಬಗ್ದಾದ್ ದಾಟಿ ಬಸ್ಸಿನಲ್ಲಿ ಅಮ್ಮಾನ್ ಮುಟ್ಟಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದರು. ಚಡ್ಡಿಗೆ ಒಳಗಿನಿಂದ ಹೊಲಿದ ಜೇಬಿನಲ್ಲಿ 400 ಕುವೈತಿ ದಿನಾರ್. ದೇಶವೇ ಇಲ್ಲದ ಮೇಲೆ ಅದರ ನೋಟು ಯಾರಿಗೆ ಬೇಕು ಅಂತ ಬೊಂಬಾಯಿಯಲ್ಲೇ ಸಿಕ್ಕಷ್ಟಕ್ಕೆ ಮಾರಿಬಿಟ್ಟರು. ಅವರ ಜೊತೆ ಬಂದ ಬ್ರಹ್ಮಾವರದ ಕಡೆಯವರು ಮಾರಲಿಲ್ಲ. 1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆ ಆಯಿತು. ಮಾರ್ಚ್‌ನಲ್ಲಿ ಹೊಸ ನೋಟು ಬಂತು. ಇರಾಕಿಗಳು ದೋಚಿದ ಸರಣಿಯ ನೋಟು ಬಿಟ್ಟು ಉಳಿದ ಹಳೆಯ ನೋಟಿಗೆ ಪೂರ್ತಿ ಬೆಲೆ ಸಿಕ್ಕಿತು. ಆ ದುಡ್ಡಲ್ಲಿ ಬ್ರಹ್ಮಾವರದವರು ಬಾವಿ ತೋಡಿಸಿ ಪಂಪು ಹಾಕಿಸಿದರು. ನಮ್ಮ ಮನೆಯಲ್ಲಿ ಯಾರು ಬಾವಿ ತೋಡಿದರೂ ಮಾವ ಆ ಪಂಪಿನ ಸುದ್ದಿ ತೆಗೆಯುತ್ತಿದ್ದರು.

ನನ್ನ ತಲೆಯಲ್ಲಿ ಇದ್ದದ್ದು ಆ ಪಂಪು. ನಾನು ಆಗ ಅರಿಫ್ಜಾನ್ ಅಮೆರಿಕನ್ ಕ್ಯಾಂಪಿಗೆ ಸಾಮಾನು ಕೊಡುವ ಕಂಪನಿಯಲ್ಲಿ ಸ್ಟೋರ್‌ಕೀಪರ್. ಇರಾಕಿಗೆ ಲೋಡು ಹೊಡೆಯುವ ಡ್ರೈವರುಗಳು ನೋಟು ತರುತ್ತಿದ್ದರು, ಕ್ಯಾಂಪಿನ ಸೋಲ್ಜರುಗಳೂ ಕೊಳ್ಳುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: 1990ಕ್ಕೆ ಮುಂಚೆ ಒಂದು ಇರಾಕಿ ದಿನಾರಿಗೆ ಸರ್ಕಾರಿ ದರ ಮೂರು ಡಾಲರಿಗಿಂತ ಜಾಸ್ತಿ ಇತ್ತು, ಈಗ ಒಂದು ಡಾಲರಿಗೆ ಸುಮಾರು 1,460 ದಿನಾರ್ ಸಿಗುತ್ತದೆ, ನೆಲದಡಿ ಎಣ್ಣೆ ಹಾಗೇ ಉಂಟು. ಕುವೈತ್ ಮೇಲೆ ಬರಲಿಲ್ವಾ? ಇದೂ ಬರುತ್ತದೆ.

ಹೋಲಿಕೆಯೇ ತಪ್ಪು ಅಂತ ತಿಳಿಯಲು ನನಗೆ ಐದು ವರ್ಷ ಬೇಕಾಯಿತು. ಕುವೈತಿನ ನೋಟು ಕಡಿಮೆ, ಅದರ ದುಡ್ಡು ಹೊರದೇಶಗಳಲ್ಲಿ ಭದ್ರವಾಗಿತ್ತು. ಏಳು ತಿಂಗಳು ಅಂಗಡಿ ಮುಚ್ಚಿತ್ತು, ಮತ್ತೆ ತೆರೆಯಿತು, ಅಷ್ಟೇ. ಇರಾಕಿನಲ್ಲಿ 1991ರ ನಂತರ ದಿಗ್ಬಂಧನದ ಕಾಲದಲ್ಲಿ ಸದ್ದಾಂ ಸರ್ಕಾರ ಬೇಕಾಬಿಟ್ಟಿ ನೋಟು ಅಚ್ಚು ಹಾಕಿತ್ತು. 2003ರ ಅಕ್ಟೋಬರಿನಿಂದ 2004ರ ಜನವರಿವರೆಗೆ ಅಮೆರಿಕನ್ ಆಡಳಿತ ಹೊಸ ನೋಟು ಹಂಚಿದಾಗ ಆ ಸದ್ದಾಂ ನೋಟುಗಳನ್ನು ಒಂದಕ್ಕೊಂದು ಬದಲಿಸಿ ಕೊಟ್ಟಿತು. 1990ಕ್ಕೆ ಮುಂಚಿನ ಹಳೆಯ ಇರಾಕಿ ನೋಟು ಕುರ್ದರ ಕಡೆ ಇನ್ನೂ ಓಡುತ್ತಿತ್ತು, ಅದಕ್ಕೆ ‘ಸ್ವಿಸ್ ದಿನಾರ್’ ಅನ್ನುತ್ತಿದ್ದರು; ಅದರ ಒಂದಕ್ಕೆ 150 ಹೊಸದು ಸಿಕ್ಕಿತು. ಮೂರು ಡಾಲರಿನ ದಿನಾರ್ ಅಂದರೆ ಆ ಸ್ವಿಸ್ ದಿನಾರ್. ನಾನು ಕೊಂಡದ್ದು ಅದನ್ನಲ್ಲ.

ಆದರೆ ಆಗ ನಾವು ನೋಟಿನ ಲೆಕ್ಕ ನೋಡಲಿಲ್ಲ, ರಾಜಕೀಯ ನೋಡಿದೆವು. ನಮ್ಮೂರ ಜಿಲ್ಲಾ ಪಂಚಾಯತ್ ಸದಸ್ಯ ಯಾರು ಅಂತ ಗೊತ್ತಿಲ್ಲದ ನನಗೆ ಎಣ್ಣೆಯ ಊರು ಕಿರ್ಕೂಕ್ ಅರಬರು, ಕುರ್ದರಲ್ಲಿ ಯಾರಿಗೆ ಸೇರಬೇಕು ಅಂತ ಗೊತ್ತಿತ್ತು! 2005ರ ಜನವರಿ 30ರ ಚುನಾವಣೆಯಲ್ಲಿ ಜನ ಶಾಯಿ ಬೆರಳು ತೋರಿಸುವುದನ್ನು ಟೀವಿಯಲ್ಲಿ ನೋಡಿ ರೂಮಿನಲ್ಲಿ ಬಿರಿಯಾನಿ ಮಾಡಿದೆವು. ಸಂವಿಧಾನ ಪಾಸಾದರೆ ಏರುತ್ತದೆ ಅಂದರು. ಪಾಸಾಯಿತು, ಏರಲಿಲ್ಲ. ಮಾಲಿಕಿ ಪ್ರಧಾನಿಯಾಗಿ ಬಂದರೆ, ಎಣ್ಣೆ ಕಾನೂನು ಬಂದರೆ, ರಂಜಾನ್ ಕಳೆದರೆ. ದಿನಾ ರಾತ್ರಿ ಇರಾಕಿ ಸೆಂಟ್ರಲ್ ಬ್ಯಾಂಕಿನ ಡಾಲರ್ ಹರಾಜಿನ ದರ ನೋಡಿ ಒಂದು ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಸ್ಟೋರ್‌ಕೀಪರ್ ಚಟ.

ಆ ಪುಸ್ತಕವೇ ಒಂದು ತಮಾಷೆ ತೋರಿಸಿತು. 2006ರ ಫೆಬ್ರವರಿಯಲ್ಲಿ ಇರಾಕಿನ ಸಾಮರ್ರಾದಲ್ಲಿ ಶಿಯಾಗಳ ಮಸೀದಿಯನ್ನು ಬಾಂಬು ಇಟ್ಟು ಸಿಡಿಸಿದರು. ಶಿಯಾ ಸುನ್ನಿ ಕೊಲೆಗಳು ದಿನಕ್ಕೆ ಹತ್ತಾರು. ಅದೇ ವರ್ಷದ ಕೊನೆಗೆ ದಿನಾರ್ ಗಟ್ಟಿಯಾಗತೊಡಗಿತು! ಅಲ್ಲಿ ಹಣದುಬ್ಬರ 50% ದಾಟಿತ್ತು, ಅದನ್ನು ಹಿಡಿಯಲು ಸೆಂಟ್ರಲ್ ಬ್ಯಾಂಕೇ ದರ ಮೇಲೆ ಎಳೆಯುತ್ತಿತ್ತು. ನಾವು ಇದನ್ನು ‘ಶುರುವಾಯಿತು’ ಅಂತ ಓದಿಕೊಂಡೆವು. 2007ರ ಮಾರ್ಚಿನಲ್ಲಿ 260 ಕೊಟ್ಟು ಇನ್ನೊಂದು 10 ಲಕ್ಷ ಕೊಂಡೆ.

2008ರ ಕೊನೆಗೆ ಡಾಲರಿಗೆ 1,170ರ ಸುತ್ತ ಬಂತು. ನಾನು ಮೊದಲು ಕೊಂಡಾಗಿನಿಂದ ಸುಮಾರು 25% ಏರಿಕೆ. ಮಾರಿ ಲಾಭ ಎಷ್ಟು ನೋಡುವ ಅಂತ ಅದೇ ಅಂಗಡಿಗೆ ಹೋದೆ. ಕೌಂಟರಿನವ ನೋಟಿನ ಕಟ್ಟನ್ನು ನೀಲಿ ಲೈಟಿನಡಿ ಹಿಡಿದ, ಎರಡು ನೋಟಿನ ಮಡಿಕೆ ತೋರಿಸಿ ಮುಖ ಸಿಂಡರಿಸಿದ, ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ. 425. ನಾನು ಕೊಟ್ಟದ್ದು ಒಟ್ಟು 495. ಕೊಳ್ಳುವಾಗ ಸರ್ಕಾರಿ ದರಕ್ಕಿಂತ 15% ಮೇಲೆ ಕೊಟ್ಟಿದ್ದೆ, ಮಾರುವಾಗ 10% ಕೆಳಗೆ. ಅದರ ಮೇಲೆ ಕುವೈತಿನವರು 2007ರ ಮೇ ತಿಂಗಳಲ್ಲಿ ತಮ್ಮ ದಿನಾರನ್ನು ಡಾಲರಿನಿಂದ ಬಿಡಿಸಿದ್ದರು, ಅದೂ ಏರಿತ್ತು. ಹೀಗೆ ಇರಾಕಿ ದಿನಾರ್ ಏರಿತು, ಲೆಕ್ಕದಲ್ಲಿ ನಾನು 70 ಕುವೈತಿ ದಿನಾರ್ ಕಳೆದುಕೊಂಡೆ. ಮಾರದೆ ವಾಪಸ್ ಬಂದೆ.

ಕಂಪನಿಯಲ್ಲಿ ಒಬ್ಬ ಮಿಸ್ರಿ, ಅಂದರೆ ಈಜಿಪ್ಟಿನ, ಅಕೌಂಟೆಂಟ್ ಇದ್ದ. 2009ರಲ್ಲಿ ಸುಲೈಮಾನಿ ಚಹಾ ಕುಡಿಯುತ್ತಾ ಅವನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವನು ನಗಲಿಲ್ಲ. ಡೆಲಿವರಿ ನೋಟಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದ. “ಇರಾಕಿ ಸರ್ಕಾರಕ್ಕೆ ಎಣ್ಣೆಯಿಂದ ಡಾಲರ್ ಬರುತ್ತದೆ. ಸಂಬಳ, ಪಿಂಚಣಿ ಕೊಡುವುದು ದಿನಾರಿನಲ್ಲಿ. ಡಾಲರ್ ಬ್ಯಾಂಕಿಗೆ ಕೊಟ್ಟು ದಿನಾರ್ ತಗೊಳ್ಳುತ್ತದೆ. ಒಂದು ಡಾಲರಿಗೆ ಸಾವಿರ ಸಿಗುವಲ್ಲಿ ಒಂದೇ ದಿನಾರ್ ಸಿಕ್ಕಿದರೆ ಸಂಬಳ ಹೇಗೆ ಕೊಡುತ್ತಾರೆ?” ಆಮೇಲೆ ಇನ್ನೊಂದು ಲೆಕ್ಕ ಬರೆದ. ಅಲ್ಲಿ ಓಡುವ ದಿನಾರ್ ಹತ್ತಾರು ಲಕ್ಷ ಕೋಟಿ. ಸೆಂಟ್ರಲ್ ಬ್ಯಾಂಕಿನ ಹತ್ತಿರ ಇರುವ ಡಾಲರ್ ಹತ್ತು ಸಾವಿರ ಕೋಟಿಯೂ ಇಲ್ಲ. “ಒಂದಕ್ಕೆ ಒಂದು ಆದರೆ ಎಲ್ಲಿಂದ ತರುತ್ತಾರೆ, ನೀನೇ ಹೇಳು.” ಆ ಕಾಗದ ಮಡಚಿ ಉದ್ದ ಪುಸ್ತಕದಲ್ಲಿಟ್ಟೆ. ಮಾರಾಟ ಮಾತ್ರ ಮಾಡಲಿಲ್ಲ. ಅರ್ಥ ಆಗುವುದು ಬೇರೆ, ಆಸೆ ಬಿಡುವುದು ಬೇರೆ. ಅದಕ್ಕಿಂತ ಕೆಟ್ಟ ಕೆಲಸ ಇನ್ನೊಂದು ಮಾಡಿದೆ: ಅದೇ ವರ್ಷ ರಜೆಗೆ ಊರಿಗೆ ಹೋಗುವಾಗ ಭಾವನ ಒತ್ತಾಯಕ್ಕೆ ಅವರಿಗೂ 5 ಲಕ್ಷ ತಂದುಕೊಟ್ಟೆ.

ಆಮೇಲೆ ‘ಮೂರು ಸೊನ್ನೆ ತೆಗೆಯುತ್ತಾರೆ’ ಅನ್ನುವ ಸುದ್ದಿ ಹಬ್ಬಿತು. ಬಗ್ದಾದಿನಲ್ಲಿ ನಿಜವಾಗಿಯೂ ಆ ಯೋಚನೆ ಇತ್ತು. ರೂಮಿನವರು ಕುಣಿದರು. ಆದರೆ ಸೊನ್ನೆ ತೆಗೆದರೆ ನನ್ನ 25,000 ನೋಟಿಗೆ 25 ಹೊಸ ದಿನಾರ್ ಸಿಗುತ್ತದೆ, ಬೆಲೆ ಅಷ್ಟೇ. ಟರ್ಕಿಯವರು 2005ರಲ್ಲಿ ಲೀರಾದ ಆರು ಸೊನ್ನೆ ತೆಗೆದಾಗ ಯಾರೂ ಸಾಹುಕಾರರಾಗಲಿಲ್ಲ. ಇದನ್ನು ಹೇಳಿದ್ದಕ್ಕೆ ಇಬ್ಬರು ನನ್ನ ಹತ್ತಿರ ಮಾತು ಬಿಟ್ಟರು.

2013ರಲ್ಲಿ ಅರ್ಧ ಮಾರಿದೆ, 215ಕ್ಕೆ. ಮರುವರ್ಷ ಜೂನ್‌ನಲ್ಲಿ ಐಸಿಸ್ ಮೊಸುಲ್ ಹಿಡಿಯಿತು. ಸರ್ಕಾರಿ ದರ ಅಲ್ಲಾಡಿದ್ದು ಕಡಿಮೆ. ಮಾರಿದ್ದು ಒಳ್ಳೆಯದಾಯಿತು ಅಂತ ನಾನು ಬುದ್ಧಿವಂತನ ಹಾಗೆ ಓಡಾಡಿದೆ, ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. 2016ರಲ್ಲಿ ಉಳಿದ 40 ನೋಟು ತಗೊಂಡು ಊರಿಗೆ ಬಂದೆ. ಕುಂದಾಪುರದಿಂದ ಮಂಗಳೂರಿನವರೆಗೆ ಕೇಳಿದೆ, ಯಾವ ಬ್ಯಾಂಕೂ ಯಾವ ಎಕ್ಸ್‌ಚೇಂಜೂ ಇರಾಕಿ ದಿನಾರ್ ಮುಟ್ಟಲಿಲ್ಲ. ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಅದು, 12 ವರ್ಷ ತಡವಾಗಿ ಕೇಳಿದೆ.

2020ರ ಡಿಸೆಂಬರಿನಲ್ಲಿ ಮಿಸ್ರಿ ಹೇಳಿದ್ದೇ ಆಯಿತು. ಕೊರೊನಾದಲ್ಲಿ ಎಣ್ಣೆ ಬೆಲೆ ಬಿದ್ದು ಸಂಬಳಕ್ಕೆ ದುಡ್ಡು ಸಾಲದೆ ಇರಾಕ್ ತನ್ನ ದಿನಾರನ್ನು ತಾನೇ ಡಾಲರಿಗೆ 1,190ರಿಂದ 1,450ಕ್ಕೆ ಇಳಿಸಿತು. ಯುದ್ಧ ಇಲ್ಲ, ಬಾಂಬು ಇಲ್ಲ. ಮರುವರ್ಷ ದುಬೈಯಲ್ಲಿರುವ ಅಳಿಯನ ಕೈಯಲ್ಲಿ 39 ನೋಟು ಕೊಟ್ಟು ಕಳಿಸಿದೆ. 2,100 ದಿರ್ಹಮ್ ಸಿಕ್ಕಿತು, ನಮ್ಮ 42,000 ರೂಪಾಯಿ. 2007ರಲ್ಲಿ ಕೊಟ್ಟದ್ದು ಸುಮಾರು 39,500. ರೂಪಾಯಿ ಬಿದ್ದದ್ದರಿಂದ ಲಾಭದ ಹಾಗೆ ಕಾಣುತ್ತದೆ, ಅಷ್ಟೇ. ಊರ ಸೊಸೈಟಿಯಲ್ಲಿ ಸುಮ್ನೆ ಡಿಪಾಸಿಟ್ ಇಟ್ಟಿದ್ದರೆ ಮೂರು ಪಟ್ಟು ಹತ್ತಿರ ಆಗುತ್ತಿತ್ತು. ಒಂದು ನೋಟು ಇಟ್ಟುಕೊಂಡೆ, ಆ ರೈತ ಹೆಂಗಸಿಗೋಸ್ಕರ. ಭಾವ ತಮ್ಮ 20 ನೋಟು ಕೊಡಲಿಲ್ಲ.

2023ರ ಫೆಬ್ರವರಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಭಾವನ ಫೋನು.

“ಕೇಳಿದ್ಯಾ? 1,300 ಮಾಡಿದ್ರಂತೆ. ಒಂದೇ ದಿನಕ್ಕೆ!”

“ಅದು ಸರ್ಕಾರಿ ದರ ಭಾವ. ಅಮೆರಿಕದವರು ಡಾಲರ್ ಕಳಿಸುವುದು ಬಿಗಿ ಮಾಡಿದ್ದಾರೆ, ಬಗ್ದಾದಿನ ಪೇಟೆಯಲ್ಲಿ 1,500ರ ಮೇಲೆ ಉಂಟು.”

“ಪೇಟೆಯವರಿಗೆ ಎಂತ ಗೊತ್ತು ಮಾರಾಯ,” ಅಂದರು. “ನಿನ್ನದೊಂದು ನೋಟು ಉಂಟಲ್ಲ, ಅದನ್ನು ಕೊಡ್ತೀಯಾ?”