ಒಮ್ಮೆ ಸಿಜೇರಿಯನ್ ಆದ ಮೇಲೆ ನಾರ್ಮಲ್ ಆಗಬಹುದಾ? ಮೊದಲು ಹಳೇ ಫೈಲ್ ಹುಡುಕಿ

ತಂಗಿಗೆ ಎರಡನೆಯದು ನಿಂತಿದೆ ಎಂದು ತಿಳಿದ ದಿನ ಆಯಿ ಕೇಳಿದ ಮೊದಲ ಪ್ರಶ್ನೆ, "ಮತ್ತೆ ಕೊಯ್ಯಲೇಬೇಕಾ?" ಮೊದಲ ಮಗು ಕೊನೆಯವರೆಗೂ ತಿರುಗದೆ, ತಲೆ ಮೇಲೆ ಮಾಡಿಕೊಂಡೇ ಕೂತಿತ್ತು. ಹಾಗಾಗಿ ಸಿಜೇರಿಯನ್ ಆಗಿತ್ತು. ಶಿರಸಿಯ ನೆಂಟರು, ಕುಮಟಾದ ನೆಂಟರು, ಎಲ್ಲರದ್ದೂ ಒಂದೇ ಮಾತು: ಒಂದ್ಸಲ ಕೊಯ್ದ ಮೇಲೆ ಮುಗೀತು, ಮುಂದಿನದ್ದೂ ಆಪರೇಶನ್ನೇ.

ಈ ಮಾತಿಗೆ ನೂರು ವರ್ಷ ದಾಟಿದೆ. 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರಾಗಿನ್ ಎಂಬ ವೈದ್ಯರು ಇದನ್ನು ಬರೆದಿದ್ದರು. ಮೊದಲ ಸಲ ಸುಮ್ಮಸುಮ್ಮನೆ ಕೊಯ್ಯಬೇಡಿ ಎಂದು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಆಗ ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಸೀಳುತ್ತಿದ್ದರು. ಮುಂದಿನ ಹೆರಿಗೆ ನೋವಿನಲ್ಲಿ ಆ ಗಾಯ ಬಿಟ್ಟುಕೊಳ್ಳುವ ಭಯ ಜಾಸ್ತಿ. ಈಗ ಹೆಚ್ಚಾಗಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುತ್ತಾರೆ. ಅದು ಚೆನ್ನಾಗಿ ಕೂಡಿಕೊಳ್ಳುತ್ತದೆ. ಹಾಗಾಗಿ ಸಿಜೇರಿಯನ್ ನಂತರದ ನಾರ್ಮಲ್ ಹೆರಿಗೆ ಹಲವರಿಗೆ ಸಾಧ್ಯ. ಡಾಕ್ಟರುಗಳು ಇದನ್ನು 'ವಿಬ್ಯಾಕ್' ಎನ್ನುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಜೇರಿಯನ್. ಅಂದರೆ ಆಯಿ ಕೇಳಿದ ಪ್ರಶ್ನೆಯನ್ನು ಎಷ್ಟೋ ಮನೆಗಳಲ್ಲಿ ಕೇಳುತ್ತಿರುತ್ತಾರೆ, ಅಲ್ವಾ? ನಾವು ಒಂದೊಂದಾಗಿ ಏನು ಮಾಡಿದೆವು, ಏನು ಕಲಿತೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕೊನೆಯ ತೀರ್ಮಾನ ನಿಮ್ಮನ್ನು ನೋಡುವ ಹೆರಿಗೆ ತಜ್ಞರ ಜೊತೆ ಕೂತೇ ಆಗಬೇಕು.

ಮೊದಲ ಕೆಲಸ: ಹಳೇ ಕಾಗದ

ಹೊಟ್ಟೆಯ ಮೇಲಿನ ಗಾಯ ನೋಡಿ ಒಳಗಿನ ಗಾಯ ಹೇಗಿದೆ ಎಂದು ಹೇಳಲಾಗುವುದಿಲ್ಲ. ಚರ್ಮದ ಮೇಲೆ ಅಡ್ಡ ಗೆರೆ ಇದ್ದರೂ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಅದು ಗೊತ್ತಾಗುವುದು ಆಪರೇಶನ್ ಮಾಡಿದವರು ಬರೆದಿಟ್ಟ ಹಾಳೆಯಿಂದ ಮಾತ್ರ.

ತಂಗಿಯ ಫೈಲು ಅಟ್ಟದ ಟ್ರಂಕಿನಲ್ಲಿ, ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗಿತ್ತು. ಮೂರು ಮಳೆಗಾಲ ಕಂಡ ಕಾಗದ. ಅಂಚಿಗೆಲ್ಲ ಬೂಷ್ಟು ಹಿಡಿದಿತ್ತು. ಸ್ಕ್ಯಾನಿಂಗ್ ಚಿತ್ರಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಡಿಸ್‌ಚಾರ್ಜ್ ಕಾರ್ಡಿನ ಒಂದು ಮೂಲೆಯಲ್ಲಿ ಶಾಯಿ ಹರಡಿ ನೀಲಿ ಕಲೆಯಾಗಿತ್ತು. ಆದರೂ ಬೇಕಾದ ಸಾಲು ಉಳಿದಿತ್ತು: 'ಎಲ್‌ಎಸ್‌ಸಿಎಸ್, ಬ್ರೀಚ್'. ಡಾಕ್ಟರು ಅದರ ಮೇಲೆ ಪೆನ್ನಿಟ್ಟು ಎರಡು ಸಲ ಓದಿದರು. ಕೆಳಭಾಗದಲ್ಲಿ ಕೊಯ್ದಿದ್ದಾರೆ, ಕಾರಣ ಮಗು ಉಲ್ಟಾ ಇದ್ದದ್ದು. ಆ ಕಾರಣ ಈ ಸಲವೂ ಇರಬೇಕೆಂದಿಲ್ಲ. "ಇದೊಂದು ಸಿಕ್ಕಿದ್ದು ಒಳ್ಳೇದಾಯ್ತು" ಎಂದರು.

ಕಾಗದ ಕಳೆದಿದ್ದರೆ ಹಿಂದಿನ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ. ದಾಖಲಾದ ತಾರೀಖು ಹೇಳಿ, ಆಪರೇಶನ್ ನೋಟ್ಸ್‌ನ ಜೆರಾಕ್ಸ್ ಕೇಳಿ. ಬಸುರಾದ ಶುರುವಿನಲ್ಲೇ ಕೇಳಿದರೆ ಓಡಾಡಲು ಸಮಯವಿರುತ್ತದೆ. ಸಿಕ್ಕ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕರಾವಳಿಯ ತೇವಕ್ಕೆ ಕಾಗದ ಬಾಳುವುದಿಲ್ಲ.

ಯಾರಿಗೆ ಆಗುತ್ತದೆ, ಯಾರಿಗೆ ಬೇಡ

ಹಿಂದೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿದ್ದರೆ, ಹಿಂದೊಮ್ಮೆ ಗರ್ಭಕೋಶ ಬಿರಿದಿದ್ದರೆ, ಈ ಸಲ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ ಪ್ರಯತ್ನವೇ ಬೇಡ. ಇದರಲ್ಲಿ ಚೌಕಾಸಿ ಇಲ್ಲ.

ಒಂದು ಅಡ್ಡ ಗಾಯ ಇದ್ದವರು ಪ್ರಯತ್ನಿಸಿದರೆ 100ರಲ್ಲಿ 72ರಿಂದ 75 ಮಂದಿಗೆ ನಾರ್ಮಲ್ ಆಗುತ್ತದೆ. ಹಿಂದೆ ಒಮ್ಮೆಯಾದರೂ ನಾರ್ಮಲ್ ಹೆರಿಗೆ ಆಗಿದ್ದರೆ ಅದು 85ರಿಂದ 90. ಭಯದ ವಿಷಯವೆಂದರೆ ಹಳೇ ಗಾಯ ಬಿರಿಯುವುದು. ನೋವು ತಾನಾಗಿ ಶುರುವಾದರೆ ಅದು ಸುಮಾರು 200ರಲ್ಲಿ ಒಬ್ಬರಿಗೆ ಆಗುತ್ತದೆ. ಅಪರೂಪ. ಆದರೆ ಆದಾಗ ತಾಯಿ, ಮಗು ಇಬ್ಬರಿಗೂ ಜೀವದ ಪ್ರಶ್ನೆ.

ಎರಡು ಸಿಜೇರಿಯನ್ ಆದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಇವರಲ್ಲಿ 100ಕ್ಕೆ ಸುಮಾರು 70 ಮಂದಿ ಯಶಸ್ವಿಯಾಗುತ್ತಾರೆ. ಆದರೆ ಗಾಯ ಬಿರಿಯುವ ಅಪಾಯ 100ಕ್ಕೆ ಒಂದನ್ನು ದಾಟುತ್ತದೆ. ಅನುಭವಿ ತಜ್ಞರು, ಸಜ್ಜಾದ ದೊಡ್ಡ ಆಸ್ಪತ್ರೆ ಇಲ್ಲದೆ ಈ ಯೋಚನೆ ಬೇಡ. ನಮ್ಮ ಅತ್ತಿಗೆಗೆ ಎರಡು ಆಗಿತ್ತು. ಮೂರನೆಯದಕ್ಕೆ ನಾರ್ಮಲ್ ಪ್ರಯತ್ನ ಬೇಡವೆಂದು ಅವರ ಡಾಕ್ಟರು ಹೇಳಿದರು, ಅತ್ತಿಗೆ ಆಪರೇಶನ್ನಿಗೆ ಡೇಟ್ ತೆಗೆದುಕೊಂಡರು. ನನಗದು ಸರಿಯೆಂದೇ ಕಂಡಿತು.

ಹಿಂದಿನ ಹೆರಿಗೆಗೂ ಈ ಹೆರಿಗೆಗೂ ನಡುವೆ 18 ತಿಂಗಳಿಗಿಂತ ಕಡಿಮೆ ಇದ್ದರೆ ಅಪಾಯ ಹೆಚ್ಚು. ತಾಯಿಯ ತೂಕ ಜಾಸ್ತಿ ಇದ್ದರೆ, ಮಗು 4 ಕೆಜಿ ದಾಟುವಂತಿದ್ದರೆ, ಕಳೆದ ಸಲ ನೋವು ಬಂದೂ ಹೆರಿಗೆ ಮುಂದೆ ಹೋಗದೆ ಕೊಯ್ದಿದ್ದರೆ ಯಶಸ್ಸಿನ ಸಾಧ್ಯತೆ ಸ್ವಲ್ಪ ಕಡಿಮೆ.

"ಅಷ್ಟೆಲ್ಲ ಇರುವಾಗ ಸುಮ್ನೆ ಮತ್ತೆ ಆಪರೇಶನ್ ಮಾಡಿಸಿದರಾಯ್ತಲ್ಲ" ಎನ್ನುವವರಿಗೆ ಒಂದು ಮಾತು. ಪ್ರತಿ ಸಿಜೇರಿಯನ್ನಿಗೂ ಮುಂದಿನ ಬಸಿರಿನ ಅಪಾಯ ಏರುತ್ತದೆ. ಮಾಸು ಹಳೇ ಗಾಯದೊಳಗೆ ಬೇರೂರಿ ಬಿಡಿಸಲಾಗದಂತೆ ಅಂಟಿಕೊಳ್ಳಬಹುದು. ಮಾಸು ಕೆಳಗೆ ಅಡ್ಡ ಕೂತ ಹೆಂಗಸರಲ್ಲಿ, ಹಿಂದೆ ಒಂದು ಸಿಜೇರಿಯನ್ ಆಗಿದ್ದರೆ 100ಕ್ಕೆ 11 ಮಂದಿಗೆ, ಎರಡು ಆಗಿದ್ದರೆ 40 ಮಂದಿಗೆ ಹೀಗಾಗಿದ್ದು ಕಂಡಿದೆ. ಇನ್ನೂ ಮಕ್ಕಳು ಬೇಕೆನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಡಾಕ್ಟರ ಹತ್ತಿರ ಕೇಳಬೇಕಾದ್ದು

ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹಳೇ ಫೈಲು, ತಾಯಿ ಕಾರ್ಡು ಎರಡನ್ನೂ ಒಯ್ಯಿರಿ.

ಕೇಳಲು ಸಂಕೋಚ ಬೇಡ. ರಾತ್ರಿ ಎರಡಕ್ಕೆ ನೋವು ಬಂದರೆ ಹೆರಿಗೆ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ? ಅರಿವಳಿಕೆ ಕೊಡುವವರು ಆಸ್ಪತ್ರೆಯಲ್ಲೇ ಇರುತ್ತಾರಾ, ಬೇರೆ ಊರಿಂದ ಕರೆಸಬೇಕಾ? ನನ್ನ ಗುಂಪಿನ ರಕ್ತ ಅಲ್ಲೇ ಸಿಗುತ್ತದಾ? ಮಗುವಿನ ಎದೆಬಡಿತವನ್ನು ಹೆರಿಗೆ ಮುಗಿಯುವವರೆಗೂ ಬಿಡದೆ ನೋಡುವ ಮೆಷಿನ್ ಇದೆಯಾ?

ತಂಗಿ ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು. ಮೊದಲು ಹೋದ ಕಡೆ ಎರಡನೇ ಪ್ರಶ್ನೆಗೆ "ಆ ಟೈಮಿಗೆ ನೋಡೋಣ" ಎಂಬ ಉತ್ತರ ಬಂತು. ನಾವು ಬೇರೆ ಆಸ್ಪತ್ರೆ ಹುಡುಕಿದೆವು. ಗಾಯ ಬಿರಿದರೆ ನೋಡೋಣ ಎನ್ನುವಷ್ಟು ಸಮಯ ಇರುವುದಿಲ್ಲ.

ದಾರಿಯ ಲೆಕ್ಕ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೇ ದೊಡ್ಡ ಹೆಜ್ಜೆ. ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ತವರು ಜೋಯಿಡಾದ ಒಳಗಿನ ಹಳ್ಳಿಯಲ್ಲೋ ಸಿದ್ದಾಪುರದ ತೋಟದ ಮನೆಯಲ್ಲೋ ಇದ್ದರೆ ಆಸ್ಪತ್ರೆ ಎಷ್ಟು ದೂರ? ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯಲು ಅರಬೈಲ್ ಘಟ್ಟ. ಮಳೆಗಾಲದಲ್ಲಂತೂ ಹೇಳುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿಹೋದದ್ದನ್ನು ಇಲ್ಲಿನವರು ಮರೆತಿಲ್ಲ.

ಇದನ್ನು ಬರೆಯುವಾಗ ಸಂಕಟವಾಗುತ್ತದೆ. ಒಂದೇ ಥರದ ಗಾಯ ಇದ್ದರೂ ಬೆಂಗಳೂರಿನ ಹೆಂಗಸಿಗೆ ಸಿಗುವ ಆಯ್ಕೆ ಘಟ್ಟದ ಹಳ್ಳಿಯವಳಿಗೆ ಸಿಗುವುದಿಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ಕೇಸು ಕಷ್ಟವೆಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವುದು ನಮಗೆ ತಪ್ಪಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೇಳುತ್ತಲೇ ಇದ್ದಾರೆ.

ಅದಾಗುವವರೆಗೆ ನಾವು ಮಾಡಬಹುದಾದ್ದು ಇಷ್ಟು. 37 ವಾರ ತುಂಬುತ್ತಿದ್ದಂತೆ ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೋ ಬಾಡಿಗೆ ಕೋಣೆಗೋ ಬಂದುಬಿಡುವುದು. ತಂಗಿ ಕುಮಟಾದ ಚಿಕ್ಕಮ್ಮನ ಮನೆಯಲ್ಲಿ ಎರಡು ವಾರ ಇದ್ದಳು. ಆಸ್ಪತ್ರೆಗೆ ಆಟೊದಲ್ಲಿ ಏಳು ನಿಮಿಷ. ಗೊತ್ತಿರುವ ಒಂದು ಗಾಡಿ, 108 ಎರಡನ್ನೂ ಯೋಚನೆಯಲ್ಲಿಟ್ಟುಕೊಳ್ಳಿ. ಹೀಗೆ ಬಂದಿರಲು ಆಗುವುದೇ ಇಲ್ಲವೆಂದರೆ ಡೇಟ್ ತೆಗೆದುಕೊಂಡು ಆಪರೇಶನ್ ಮಾಡಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನೋವು ಶುರುವಾದಾಗ

ನೋವು ಬರಿಸಲು ಮನೆಯಲ್ಲಿ ಹರಳೆಣ್ಣೆ, ಕಷಾಯ ಏನೂ ಕುಡಿಯಬೇಡಿ. ಔಷಧಿ ಕೊಟ್ಟು ನೋವು ಬರಿಸಿದರೆ ಗಾಯ ಬಿರಿಯುವ ಅಪಾಯ ಎರಡು ಮೂರು ಪಟ್ಟಾಗುತ್ತದೆ. ಮಿಸೊಪ್ರೊಸ್ಟಾಲ್ ಮಾತ್ರೆಯನ್ನಂತೂ ಈ ಹೆರಿಗೆಗೆ ಬಳಸಬಾರದು. ಡ್ರಿಪ್ ಹಾಕುತ್ತೇವೆ ಎಂದರೆ "ಹಿಂದೆ ಸಿಜೇರಿಯನ್ ಆಗಿದೆ" ಎಂದು ಮತ್ತೊಮ್ಮೆ ಹೇಳಿ, ತಜ್ಞರು ಬಂದು ನೋಡಲಿ.

ಸಣ್ಣ ನೋವು ಶುರುವಾದರೂ, ನೀರು ಹೋದರೂ ಕಾಯದೆ ಹೊರಡಿ. ಅಲ್ಲಿ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ನೋಡುತ್ತಿರುತ್ತಾರೆ. ಗಾಯ ಬಿಡುವ ಮೊದಲ ಸುಳಿವು ಹೆಚ್ಚಾಗಿ ಸಿಗುವುದು ಅದರಲ್ಲೇ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡುವಿಲ್ಲದೆ ಹಳೇ ಗಾಯದ ಜಾಗ ನೋಯುತ್ತಿದ್ದರೆ, ರಕ್ತ ಹೋದರೆ, ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಂತರೆ ಕೂಗಿ ಕರೆಯಿರಿ. ಎಲ್ಲರಿಗೂ ಹೀಗೇ ಎಂದು ಸುಮ್ಮನಿರಬೇಡಿ.

ತಂಗಿಗೆ ಬೆಳಗಿನ ಜಾವ ನೋವು ಬಂತು. ಸಂಜೆ ನಾಲ್ಕಕ್ಕೆ ಮಗಳು ಹುಟ್ಟಿದಳು. ಆದರೆ ಮಧ್ಯಾಹ್ನ ಒಂದರ ಹೊತ್ತಿಗೆ ಮಗುವಿನ ಎದೆಬಡಿತ ಇಳಿದಿತ್ತು. ಥಿಯೇಟರಿನ ಲೈಟು ಹಾಕಿದ್ದನ್ನು ನಾನು ಹೊರಗಿನ ಬೆಂಚಿನಿಂದ ನೋಡಿದೆ. ಹತ್ತು ನಿಮಿಷಕ್ಕೆ ಬಡಿತ ಸರಿಯಾಯಿತು, ಲೈಟು ಆರಿತು.

ಯೋಜನೆ ಬದಲಾದರೆ

ಪ್ರಯತ್ನಿಸಿದ 100ರಲ್ಲಿ ಸುಮಾರು 25 ಮಂದಿಗೆ ನಡುವೆ ಆಪರೇಶನ್ ಬೇಕಾಗುತ್ತದೆ. ಮೊದಲೇ ಡೇಟ್ ಹಾಕಿ ಮಾಡುವುದಕ್ಕಿಂತ ಇದರಲ್ಲಿ ರಕ್ತಸ್ರಾವ, ಸೋಂಕು ಸ್ವಲ್ಪ ಜಾಸ್ತಿ. ಇದನ್ನು ಗಂಡನಿಗೂ ಅತ್ತೆಗೂ ಮೊದಲೇ ಹೇಳಿಟ್ಟಿರಿ, ಸಹಿ ಹಾಕುವಾಗ ತಡವಾಗಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ನಿಗೂ ಹಣ ಕೊಡಬೇಕಿಲ್ಲ.

ಡೇಟ್ ತೆಗೆದುಕೊಂಡವರೂ ಒಂದು ಕೇಳಿಡಬೇಕು. ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ ಡೇಟ್ ಕೊಡುತ್ತಾರೆ. 10ರಲ್ಲಿ ಒಬ್ಬರಿಗೆ ಅದಕ್ಕೂ ಮೊದಲೇ ನೋವು ಬರಬಹುದು. ಹಾಗೆ ಬಂದರೆ ಕೂಡಲೇ ಆಪರೇಶನ್ನಾ ಅಥವಾ ಹೆರಿಗೆ ಚೆನ್ನಾಗಿ ಸಾಗುತ್ತಿದ್ದರೆ ನಾರ್ಮಲ್ಲಿಗೆ ಬಿಡುತ್ತಾರಾ? ಉತ್ತರವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಆ ರಾತ್ರಿ ಡ್ಯೂಟಿಯಲ್ಲಿರುವವರು ನಿಮ್ಮ ಡಾಕ್ಟರೇ ಆಗಿರಬೇಕೆಂದಿಲ್ಲ.