ಜಂಬಿಟ್ಟಿಗೆ ನೆಲದ ಹೊಂಡ: ಸೋರಿಕೆ ನಿಂತಿದ್ದು ಹೀಗೆ

ತೀರ್ಥಹಳ್ಳಿ ಕಡೆ ನಮ್ಮ ತೋಟದ್ದು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ತುಂಬಿದ ಕೃಷಿ ಹೊಂಡ ದೀಪಾವಳಿ ಹೊತ್ತಿಗೆ ತಳ ಕಾಣುತ್ತಿತ್ತು. ಸಗಣಿ ಬಗ್ಗಡ ಬಳಿದೆ, ನಿಲ್ಲಲಿಲ್ಲ. ಟಾರ್ಪಾಲು ಹಾಸಿದೆ, ಏಡಿ ಕೊರೆದವು. ನೀರು ಹೀರಿ ಉಬ್ಬಿ ಸಂದು ಮುಚ್ಚುವ ಜೇಡಿಮಣ್ಣು, ಬೆಂಟೊನೈಟ್ ಪುಡಿ ಎರಚಿದ್ದೂ ದಂಡವಾಯಿತು; ಅದು ಕ್ಯಾಲ್ಸಿಯಂ ಜಾತಿಯದು, ಉಬ್ಬುವುದೇ ಕಡಿಮೆ. ಬೇಕಿರುವುದು ಸೋಡಿಯಂ ಬೆಂಟೊನೈಟ್.

ಕೊಳ್ಳುವ ಮೊದಲು ಪರೀಕ್ಷೆ ಮಾಡಿ: ಅಳತೆ ಗೆರೆಗಳಿರುವ ಗಾಜಿನ ಕೊಳವೆಯಲ್ಲಿ 100 ಮಿ.ಲೀ. ನೀರಿಗೆ 2 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಕಲಕದೆ 24 ಗಂಟೆ ಬಿಡಿ. ತಳದ ಲೋಳೆ 24 ಮಿ.ಲೀ. ಗೆರೆ ಮುಟ್ಟಬೇಕು. ನನ್ನ ಹಳೆಯ ಪುಡಿ 8ಕ್ಕೇ ನಿಂತಿತ್ತು.

ಏಪ್ರಿಲ್‌ನಲ್ಲಿ ಹೊಂಡ ಒಣಗಿಸಿ, ಬೇರು ಕಲ್ಲು ತೆಗೆದು, ಚದರ ಮೀಟರಿಗೆ 10 ಕೆ.ಜಿ. ಸೋಡಿಯಂ ಬೆಂಟೊನೈಟ್ ಹರಡಿದೆ. ಮೇಲಿನ 10 ಸೆಂ.ಮೀ. ಮಣ್ಣಿಗೆ ಬೆರೆಸಿ, ತುಸುವೇ ನೀರು ಚಿಮುಕಿಸಿ ದಮ್ಮಸ್ಸು ಮಾಡಿದೆ. ಅದರ ಮೇಲೆ 15 ಸೆಂ.ಮೀ. ಸಾದಾ ಮಣ್ಣು, ಇಲ್ಲದಿದ್ದರೆ ಒಣಗಿ ಬಿರುಕು ಬಿಡುತ್ತದೆ. ಈ ಮಾರ್ಚ್‌ನಲ್ಲೂ ಸೊಂಟಮಟ್ಟ ನೀರಿದೆ.