ಗಣಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯುವ ಬಗೆ

ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ತಮ್ಮ ಫುಟ್‌ಬಾಲ್ ತಂಡದ ಚರಿತ್ರೆಯನ್ನು ಬರೆದಿಡಲು ಹೊರಟವರು ಮೊದಲು ಬ್ರೆಜಿಲ್‌ನ ವಿಲಾ ನೋವಾ ಕ್ಲಬ್ಬನ್ನು ಅಭ್ಯಾಸ ಮಾಡುವುದು ಒಳ್ಳೆಯದು. ಮಿನಾಸ್ ಜೆರೈಸ್ ರಾಜ್ಯದ ನೋವಾ ಲಿಮಾ ಪಟ್ಟಣದಲ್ಲಿ, ಮೊರೊ ವೆಲ್ಯೊ ಚಿನ್ನದ ಗಣಿಯ ಕೆಲಸಗಾರರ ನಡುವೆ, 1908ರ ಜೂನ್ 28ರಂದು ಈ ಕ್ಲಬ್ ಹುಟ್ಟಿತು. ಆ ಗಣಿಯನ್ನು ನಡೆಸುತ್ತಿದ್ದುದು ಸೇಂಟ್ ಜಾನ್ ಡೆಲ್ ರೇ ಎಂಬ ಬ್ರಿಟಿಷ್ ಕಂಪನಿ. ನಮ್ಮ ಗಣಿಗಳಿಗೆ 1880ರಲ್ಲಿ ಬಂದದ್ದೂ ಬ್ರಿಟಿಷರ ಜಾನ್ ಟೇಲರ್ ಕಂಪನಿಯೇ. ಆದ್ದರಿಂದ ಬರವಣಿಗೆಯನ್ನು ಗೆದ್ದ ಕಪ್‌ಗಳಿಂದಲ್ಲ, ಊರಿನ ದುಡಿಮೆಯಿಂದ ಆರಂಭಿಸಿ. ಗಣಿಯ ಪಾಳಿ ಮುಗಿಸಿ ಮೈದಾನಕ್ಕೆ ಬಂದವರು ಯಾರೆಂದು ತಿಳಿಯದೆ ಅವರ ಗೆಲುವಿನ ತೂಕ ತಿಳಿಯುವುದಿಲ್ಲ.

ಹುಡುಕುವಾಗ ಹೆಸರಿನ ಬಗ್ಗೆ ಎಚ್ಚರವಿರಲಿ: ಗೊಯಾನಿಯಾ ನಗರದಲ್ಲಿ 1943ರಲ್ಲಿ ಸ್ಥಾಪನೆಯಾದ, ಇದೇ ಹೆಸರಿನಂತೆ ಕೇಳಿಸುವ ಇನ್ನೊಂದು ಕ್ಲಬ್ ಇದ್ದು, ಅದರ ಸಾಧನೆಗಳು ಇದರ ಖಾತೆಗೆ ಸೇರಬಾರದು.

ಪ್ರಶಸ್ತಿಗಳನ್ನು ಬರೆಯುವಾಗ ವರ್ಷದ ಜೊತೆಗೆ ಟೂರ್ನಿಯ ಹೆಸರನ್ನೂ ಮಟ್ಟವನ್ನೂ ತಪ್ಪದೆ ನಮೂದಿಸಬೇಕು. ಬ್ರೆಜಿಲ್‌ನಲ್ಲಿ ರಾಜ್ಯಗಳಿಗೆ ತಮ್ಮದೇ ಚಾಂಪಿಯನ್‌ಷಿಪ್‌ಗಳಿವೆ. ವಿಲಾ ನೋವಾ ಮಿನಾಸ್ ಜೆರೈಸ್‌ನ ಪಟ್ಟವನ್ನು 1932, 1933, 1934, 1935 ಮತ್ತು 1951ರಲ್ಲಿ ಗೆದ್ದಿತು. ಆದರೆ 1932ರಲ್ಲಿ ಆ ರಾಜ್ಯದಲ್ಲಿ ಎರಡು ಪ್ರತ್ಯೇಕ ಲೀಗ್‌ಗಳು ನಡೆದು, ಇನ್ನೊಂದನ್ನು ಅಟ್ಲೆಟಿಕೊ ಎಂಬ ಕ್ಲಬ್ ಗೆದ್ದಿದ್ದರಿಂದ, "1932: ಚಾಂಪಿಯನ್" ಎಂದಷ್ಟೇ ಬರೆದರೆ ಓದುಗರಿಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಆ ಸಂಗತಿಯನ್ನು ಅಡಿಯಲ್ಲಿ ಒಂದು ಸಾಲಿನಲ್ಲಿ ತಿಳಿಸಿದರೆ ಗೆಲುವು ಕಿರಿದಾಗುವುದಿಲ್ಲ, ಬರಹಕ್ಕೆ ನಂಬಿಕೆ ಬರುತ್ತದೆ. ರಾಜ್ಯದ ರಾಜಧಾನಿ ಬೆಲೊ ಒರಿಜೊಂಟೆಯ ದೊಡ್ಡ ಕ್ಲಬ್ಬುಗಳ ಪಕ್ಕದಲ್ಲೇ ಇದ್ದ ಒಂದು ಗಣಿ ಪಟ್ಟಣ ಇಷ್ಟು ಬಾರಿ ಮೇಲೆ ನಿಂತದ್ದು ನಿಜಕ್ಕೂ ದೊಡ್ಡ ಸಾಧನೆ.

ರಾಷ್ಟ್ರಮಟ್ಟದ ಗೆಲುವಿಗೆ ಬೇರೆಯೇ ಪುಟ ಕೊಡಿ. 1971ರಲ್ಲಿ ಮೊದಲ ಬಾರಿಗೆ ನಡೆದ ರಾಷ್ಟ್ರೀಯ ಎರಡನೇ ದರ್ಜೆಯ ಚಾಂಪಿಯನ್‌ಷಿಪ್‌ನಲ್ಲಿ ವಿಲಾ ನೋವಾ, ಬೆಲೆಂ ನಗರದ ರೆಮೊ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಪಟ್ಟ ಪಡೆಯಿತು. ಅದೇ ವರ್ಷ ಮೊದಲ ದರ್ಜೆಯ ಪಟ್ಟವೂ ಇದೇ ರಾಜ್ಯದ ಅಟ್ಲೆಟಿಕೊ ಪಾಲಾಯಿತೆಂಬುದನ್ನು ಸೇರಿಸಿದರೆ ಆ ಕಾಲದ ಮಿನಾಸ್ ಜೆರೈಸ್ ಫುಟ್‌ಬಾಲ್‌ನ ಶಕ್ತಿ ಓದುಗರಿಗೆ ಗೊತ್ತಾಗುತ್ತದೆ.

ಇನ್ನು ನಮ್ಮ ಊರಿನ ಕೆಲಸ. ಕೆಜಿಎಫ್ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಪಾಳಿ ಮಾಡಿ ಆಡಿದ ಹಿರಿಯರ ಸಂಖ್ಯೆ ದಿನೇ ದಿನೇ ಕಡಿಮೆಯಾಗುತ್ತಿರುವುದರಿಂದ ತಡಮಾಡಬಾರದು. ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆಗಳಲ್ಲಿ ಅವರನ್ನು ಕಂಡು, ಅವರು ತಮಿಳಿನಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ಮೊದಲು ಆಡಿದ ಮಾತಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ತಂಡದ ಹಳೆಯ ಫೋಟೊ ಸಿಕ್ಕರೆ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಆಡುತ್ತಿದ್ದ ಸ್ಥಾನ, ಕೆಲಸ ಮಾಡುತ್ತಿದ್ದ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಇವುಗಳನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆಯಿರಿ. ಫೋಟೊದ ಹಿಂಬದಿಯಲ್ಲಿ ಪೆನ್ನು ಊರಿದರೆ ಮುಖಗಳ ಮೇಲೆ ಗೀರು ಮೂಡುತ್ತದೆ. ಇಬ್ಬರು ಹಿರಿಯರು ಒಂದೇ ಪಂದ್ಯಕ್ಕೆ ಬೇರೆ ಬೇರೆ ವರ್ಷ ಹೇಳಿದರೆ ಎರಡನ್ನೂ ಬರೆದುಕೊಂಡು, ಕಪ್‌ನ ಮೇಲಿನ ಕೆತ್ತನೆಯನ್ನೋ ಅಂದಿನ ಪತ್ರಿಕೆಯನ್ನೋ ನೋಡಿದ ಬಳಿಕವೇ ಒಂದನ್ನು ಖಚಿತಪಡಿಸಿ.